ಸಿಕ್ಕೊಂಡವನ ಹಗ್ಗ

ರಾಯಚೂರಿನ ಎರಡು ಬದಿಗೂ ಹೊಳೆಗಳಿವೆ, ಸಮುದ್ರವಿಲ್ಲ. ಹೀಗಾಗಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಕೆಲಸ ಏನಿತ್ತೆಂದು ಹೇಳಿದರೆ ಜನ ನನ್ನನ್ನು ಒಂದು ಥರಾ ನೋಡುತ್ತಾರೆ. ಹಡಗು ಎಳೆಯುತ್ತಿದ್ದಿರೇನು ಎಂದು ನಮ್ಮ ಓಣಿಯ ಕಿರಾಣಿ ಅಂಗಡಿಯವರು ಕೇಳಿದರು. ಇಲ್ಲ, ಹಡಗು ಎಳೆದವರೂ ಎಳೆಸಿಕೊಂಡವರೂ ಜಗಳಕ್ಕೆ ಬಿದ್ದಾಗ ಯಾರು ಸುಳ್ಳು ಹೇಳುತ್ತಿದ್ದಾರೆಂದು ಹುಡುಕುತ್ತಿದ್ದೆ ಎಂದೆ. ಅಂದಿನಿಂದ ನಾನು ಅಕ್ಕಿ ಕೊಳ್ಳಲು ಹೋದರೆ ತೂಕದ ಯಂತ್ರವನ್ನು ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ.

ಕಾನೂನು ಓದಿ ಈ ಕೆಲಸದ ಕಡೆಗೆ ಹೊರಟಿರುವ ಕೆಲವು ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಏನು ಕಲಿಯಬೇಕು ಎಂದು ಕೇಳುತ್ತಾರೆ. ಕರಾರಿನ ಕಾನೂನನ್ನು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಅನುಮಾನ ಪಡುವುದನ್ನು ಹೇಳಿಕೊಡುವುದಿಲ್ಲ. ನನಗೆ ಅದೊಂದೇ ಬರುವುದು. ಅದನ್ನೇ ಬರೆಯುತ್ತೇನೆ.

ಮೊದಲು ಜಗಳ ಏನೆಂದು ತಿಳಿದುಕೊಳ್ಳಿ. ಸಮುದ್ರದ ನಡುವೆ ಎಂಜಿನ್ ಕೆಟ್ಟು ನಿಂತ ಹಡಗನ್ನು ಎಳೆದು ತರಲು ಟಗ್ ಎಂಬ ಗಿಡ್ಡ, ಗಟ್ಟಿಮುಟ್ಟಾದ ದೋಣಿ ಬರುತ್ತದೆ. ಮೊದಲೇ ಮಾತಾಡಿಕೊಂಡು ಎಳೆದರೆ ಅದು ಬಾಡಿಗೆಯ ಕೆಲಸ, ಬಾಡಿಗೆ ಕೊಟ್ಟರೆ ಮುಗಿಯಿತು. ಆದರೆ ಮುಳುಗಲಿದ್ದ ಹಡಗನ್ನು ಕಾಪಾಡಿ ತಂದರೆ ಆ ಹಡಗಿನ ಬೆಲೆಯಲ್ಲೇ ಒಂದು ಪಾಲು ಕೇಳುವ ಹಕ್ಕು ಬರುತ್ತದೆ. ಆದ್ದರಿಂದ ದಡ ಮುಟ್ಟಿದ ಕೂಡಲೆ ಟಗ್‌ನವರ ನೆನಪಿನಲ್ಲಿ ಅಲೆಗಳು ಎದ್ದು ನಿಲ್ಲುತ್ತವೆ. ಹಡಗಿನವರ ನೆನಪಿನಲ್ಲಿ ಅದೇ ಸಮುದ್ರ ಕೆರೆಯ ಹಾಗೆ ಮಲಗಿರುತ್ತದೆ. ಇಬ್ಬರೂ ಆಣೆ ಮಾಡುತ್ತಾರೆ. ನಾನು ಇಬ್ಬರನ್ನೂ ನಂಬುತ್ತಿರಲಿಲ್ಲ, ನನಗೆ ಸಂಬಳ ಬರುತ್ತಿದ್ದುದೇ ಅದಕ್ಕೆ.

ಮುಂಬಯಿಯಲ್ಲಿ ನಮ್ಮದು ಸಣ್ಣ ಕಚೇರಿ. ಹಡಗುಗಳಿಗೆ ವಿಮೆ ಕೊಟ್ಟವರು ಇಂಥ ಜಗಳಗಳ ತನಿಖೆಯನ್ನು ನಮಗೆ ಒಪ್ಪಿಸುತ್ತಿದ್ದರು. ಕಚೇರಿಯ ಯಜಮಾನರು ಕಾಮತ್ ಸಾಹೇಬರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ, ಯಾವಾಗಲೂ "ರಾಯಚೂರು" ಅಂತಲೇ ಕರೆಯುತ್ತಿದ್ದರು. ಇಬ್ಬರು ಒಂದೇ ಕಥೆಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದರೆ ಕೇಳಿಕೋ, ಒಂದೇ ಮಾತಿನಲ್ಲಿ ಹೇಳಿದರೆ ಎದ್ದು ಬಾ, ಎನ್ನುವುದು ಅವರು ನನಗೆ ಕೊಟ್ಟ ಮೊದಲ ಪಾಠ. ಅವರು ಕಚೇರಿಯ ಚಹಾದವನನ್ನೂ ನಂಬುತ್ತಿರಲಿಲ್ಲ. ಚಹಾ ಬಂದ ಕೂಡಲೆ ಹಾಲು ಯಾವಾಗಿನದು ಎಂದು ಎರಡು ಥರ ಕೇಳುತ್ತಿದ್ದರು.

ನನ್ನ ಮೊದಲ ಗೆಲುವೂ ಮೊದಲ ಎಡವಟ್ಟೂ ಒಂದೇ ಪ್ರಕರಣದಲ್ಲಿ ಆದವು. ಒಂದು ಟಗ್‌ನ ಕ್ಯಾಪ್ಟನ್ ಅಂದು ಭಯಂಕರ ಸಮುದ್ರವಿತ್ತೆಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ನಾನು ಅಡುಗೆಯವನ ಹತ್ತಿರ ಹೋಗಿ ಅದೂ ಇದೂ ಮಾತಾಡುತ್ತ ಅಂದು ಏನು ಅಡುಗೆ ಮಾಡಿದ್ದೆ ಎಂದು ಕೇಳಿದೆ. ಪೂರಿ ಎಂದ. ಸಮುದ್ರ ಎದ್ದ ದಿನ ಯಾವ ಅಡುಗೆಯವನೂ ಎಣ್ಣೆಯ ಬಾಣಲೆಯನ್ನು ಒಲೆಯ ಮೇಲೆ ಇಡುವುದಿಲ್ಲ. ನಾನು ಕುಣಿದಾಡಿಬಿಟ್ಟೆ. ಎಡವಟ್ಟೆಂದರೆ, ಅದನ್ನು ಕೇಳಿದ್ದು ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದಾಗ. ಮರುದಿನ ಹೋಗುವಷ್ಟರಲ್ಲಿ ಪೂರಿ ಇಡ್ಲಿಯಾಗಿತ್ತು. ಸಾಕ್ಷಿಯನ್ನು ಯಜಮಾನನ ಎದುರಿಗೆ ಮಾತಾಡಿಸಬಾರದು, ಆಗುವುದಾದರೆ ಸಾಕ್ಷಿಯ ಮನೆಗೇ ಹೋಗಬೇಕು ಎಂದು ಕಾಮತರು ಅಂದು ಬೈದು ಹೇಳಿದರು. ಆ ಬೈಗುಳವೇ ಮುಂದೆ ನನ್ನನ್ನು ಕಲ್ಲೂರೆಂಬ ಹಳ್ಳಿಗೆ ಕರೆದುಕೊಂಡು ಹೋಯಿತು.

ಈಗ ಕೆಲಸದ ರೀತಿ ಬದಲಾಗಿದೆ. ಯಾವ ಹಡಗು ಯಾವ ಗಳಿಗೆಯಲ್ಲಿ ಎಲ್ಲಿತ್ತು, ಗಾಳಿ ಎಷ್ಟು ಬೀಸಿತು ಎಂಬುದೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಬರುತ್ತದೆ. ಹೊಸಬರು ಕುರ್ಚಿ ಬಿಟ್ಟು ಏಳದೆ ವರದಿ ಬರೆಯುತ್ತಾರೆ. ಪರದೆ ಹಡಗನ್ನು ತೋರಿಸುತ್ತದೆ, ಒಪ್ಪೋಣ. ಹಡಗಿನ ಮೇಲೆ ನಿಂತವನ ತಲೆಯಲ್ಲಿ ಏನಿತ್ತೆಂದು ಅದು ತೋರಿಸುವುದಿಲ್ಲ. ಹುಲಿಗೆಪ್ಪ ಎಂಬ ನಾವಿಕನ ಪ್ರಕರಣದಲ್ಲಿ ಪರದೆಯ ಮೇಲೆ ಎಲ್ಲವೂ ಇತ್ತು, ಬೇಕಾದದ್ದೊಂದೇ ಇರಲಿಲ್ಲ.

ಅದು ನಾನು ನಿವೃತ್ತನಾಗುವ ಮುಂಚಿನ ಕೊನೆಯ ದೊಡ್ಡ ಪ್ರಕರಣ. ಪಶ್ಚಿಮ ಕರಾವಳಿಯ ಆಚೆ ಒಂದು ಸರಕು ಹಡಗಿನ ಎಂಜಿನ್ ನಿಂತಿತು. ಸಮೀಪದಲ್ಲಿದ್ದ ಟಗ್ ಬಂತು. ರೇಡಿಯೋದಲ್ಲಿ ಏನೋ ಮಾತಾಯಿತು, ಅಷ್ಟು ಸ್ಪಷ್ಟವಿಲ್ಲ. ಟಗ್‌ನವರು ತಮ್ಮ ಹೊಸ ಹಗ್ಗವನ್ನು ಎಸೆಯಲು ಸಿದ್ಧವಾಗಿ ನಿಂತಿದ್ದರು. ಅಷ್ಟರಲ್ಲಿ ಹಡಗಿನ ಮುಂಭಾಗದಲ್ಲಿದ್ದ ಒಬ್ಬ ಕಿರಿಯ ನಾವಿಕ ತನ್ನ ಹಡಗಿನ ಹಗ್ಗವನ್ನೇ ಅವರಿಗೆ ದಾಟಿಸಿಬಿಟ್ಟ. ಅದು ಹಳೆಯ ಹಗ್ಗ. ಬಂದರಿನ ಬಾಯಿಯ ಹತ್ತಿರ ಹರಿದು ಹಿಂದಕ್ಕೆ ಬೀಸಿ ಟಗ್‌ನ ಮೇಲಿದ್ದ ಸಲೀಂ ಎಂಬವನ ಕಾಲು ಮುರಿಯಿತು. ಆಮೇಲೆ ಟಗ್‌ನವರ ಹಗ್ಗ ಕಟ್ಟಿಯೇ ಹಡಗನ್ನು ಒಳಗೆ ತಂದರು.

ಹಗ್ಗ ಕೊಟ್ಟವನೇ ಹುಲಿಗೆಪ್ಪ, ಮಾನ್ವಿ ತಾಲ್ಲೂಕಿನ ಕಲ್ಲೂರಿನವನು. ಅವನು ಯಾಕೆ ಕೊಟ್ಟ ಎನ್ನುವುದರ ಮೇಲೆ ಇಡೀ ಜಗಳ ನಿಂತಿತು. ಯಾಕೆಂದರೆ ಹಡಗಿನವರಲ್ಲಿ ಒಂದು ಹಳೆಯ ನಂಬಿಕೆಯಿದೆ. ತನ್ನ ಹಗ್ಗ ಕೊಟ್ಟವನು ಬಾಡಿಗೆಗೆ ಕರೆದವನು, ಎಳೆಯುವವನ ಹಗ್ಗ ಹಿಡಿದವನು ಕಾಪಾಡು ಎಂದು ಕೈ ಚಾಚಿದವನು ಎಂದು. ಕಾನೂನು ಇದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಆದರೆ ಹಳೆಯ ಕ್ಯಾಪ್ಟನ್‌ಗಳು ಇದನ್ನು ಮರೆಯುವುದಿಲ್ಲ. ಬಾಡಿಗೆಯ ಕೆಲಸವೆಂದು ತೋರಿಸಲು ಹಡಗಿನ ಮಾಲೀಕರೇ ಅವನಿಗೆ ಹೇಳಿಕೊಟ್ಟು ಹಳೆಯ ಹಗ್ಗ ಕೊಡಿಸಿದರು, ಅದರಿಂದಲೇ ನಮ್ಮವನ ಕಾಲು ಹೋಯಿತು ಎಂದು ಟಗ್‌ನವರು ಆಪಾದಿಸಿದರು. ಹಡಗಿನ ಕ್ಯಾಪ್ಟನ್ ನಾನಂತೂ ಹೇಳಿಲ್ಲ ಎಂದು ಕೈ ತೊಳೆದುಕೊಂಡ. ಹುಲಿಗೆಪ್ಪನ ನಾವಿಕ ಪುಸ್ತಕವನ್ನು ಹಡಗು ಇಲಾಖೆಯವರು ತನಿಖೆ ಮುಗಿಯುವವರೆಗೆ ತೆಗೆದಿಟ್ಟುಕೊಂಡರು. ಆ ಪುಸ್ತಕವಿಲ್ಲದೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಮೋಸದ ಆಪಾದನೆ ನಿಜವಾದರೆ ಅದು ಮತ್ತೆ ಅವನ ಕೈಗೆ ಬರುವುದೇ ಇಲ್ಲ. ಅವನ ಮನೆತನದಲ್ಲಿ ಕಂಡವರ ಹೊಲದ ಕೂಲಿ ಬಿಟ್ಟು ಹೊರಗೆ ಹೋದ ಮೊದಲನೆಯವನು ಅವನೇ ಎಂದು ಆಮೇಲೆ ಗೊತ್ತಾಯಿತು.

ನನಗೆ ಮೊದಲಿನಿಂದಲೂ ಅವನ ಮೇಲೆ ಅನುಮಾನ. ಆ ಹಗ್ಗದ ನಂಬಿಕೆ ನಿನ್ನೆ ಮೊನ್ನೆ ಸಮುದ್ರಕ್ಕೆ ಇಳಿದವನಿಗೆ ಗೊತ್ತಿರುವಂಥದ್ದಲ್ಲ, ಯಾರೋ ಕಿವಿಯಲ್ಲಿ ಊದಿರಬೇಕು. ಅದರ ಮೇಲೆ ಟಗ್‌ನವರ ವಕೀಲರು ಇನ್ನೊಂದು ದೂರು ತಂದರು. ಹುಲಿಗೆಪ್ಪ ಆಸ್ಪತ್ರೆಯಲ್ಲಿದ್ದ ಸಲೀಮನಿಗೆ ಪದೇ ಪದೇ ಫೋನ್ ಮಾಡುತ್ತಿದ್ದಾನೆ, ಸಾಕ್ಷಿಯನ್ನು ತಿರುಗಿಸಲು ನೋಡುತ್ತಿದ್ದಾನೆ ಎಂದು. ಕಾಮತರು ನನ್ನ ಮುಖ ನೋಡಿ, ನಿನ್ನ ಊರಿನವನೇ, ಹೋಗಿ ಹಿಂಡಿಕೊಂಡು ಬಾ ಎಂದರು.

ರಾಯಚೂರಿನಲ್ಲಿ ಇಳಿದು ಖಾಜಾ ಎಂಬವನ ಕಾರು ಮಾಡಿಕೊಂಡು ಹೊರಟೆ. ನಾಟಿಯ ಕಾಲ. ರಸ್ತೆಯ ಎರಡೂ ಕಡೆ ಕಾಲುವೆ ನೀರು ನಿಂತ ಗದ್ದೆಗಳು, ಅವುಗಳಲ್ಲಿ ಕೆಸರು ಕಲಸುತ್ತಿದ್ದ ಟ್ರ್ಯಾಕ್ಟರುಗಳು. ಕಲ್ಲೂರಿನಲ್ಲಿ ಹುಲಿಗೆಪ್ಪನ ಮನೆಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಹೊಚ್ಚ ಹೊಸ ಟ್ರ್ಯಾಕ್ಟರ್. ಪೂಜೆಯ ಹಾರ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಮನಸ್ಸಿನಲ್ಲೇ ವರದಿ ಬರೆದು ಮುಗಿಸಿಬಿಟ್ಟೆ.

ಹುಲಿಗೆಪ್ಪ ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಟ್ರ್ಯಾಕ್ಟರ್ ಯಾರದೆಂದು ಕೇಳಿದೆ. ದೇವದುರ್ಗದ ಅಕ್ಕನ ಗಂಡನದು, ಗುತ್ತಿಗೆಗೆ ಮಾಡಿಕೊಂಡ ಗದ್ದೆಯ ನಾಟಿಗೆಂದು ತಂದಿದ್ದೇವೆ ಎಂದ. ನನ್ನ ವೃತ್ತಿಯಲ್ಲಿ ಕಂಡ ಹೊಸ ವಸ್ತುಗಳೆಲ್ಲ ಯಾವಾಗಲೂ ಅಕ್ಕನ ಗಂಡನವೇ ಆಗಿರುತ್ತವೆ. ಆಮೇಲೆ ಹಗ್ಗದ ವಿಷಯಕ್ಕೆ ಬಂದೆ. ಕೊಡು ಅಂತ ಯಾರು ಹೇಳಿದರು?

"ಯಾರೂ ಹೇಳಿಲ್ರಿ."

"ಮತ್ತೆ ಯಾಕೆ ಕೊಟ್ಟೆ?"

ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಊಟಕ್ಕೆ ಮುಂಚೆ ಕೈ ಯಾಕೆ ತೊಳೆದೆ ಎಂದು ನಾನು ಕೇಳಿದ ಹಾಗಿತ್ತು. "ನಿಂತಿದ್ದು ನಮ್ಮ ಹಡಗರೀ. ಹಗ್ಗ ನಾವ ಕೊಡಬೇಕಲ್ರೀ" ಎಂದ.

ಬೇರೆ ಬೇರೆ ಥರ ಕೇಳಿದೆ. ಪ್ರತಿ ಸಲವೂ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಕಾಮತರ ಪಾಠದ ಪ್ರಕಾರ ಅಲ್ಲಿಗೇ ಎದ್ದು ಬರಬೇಕಿತ್ತು. ಗದ್ದೆಯಲ್ಲಿ ಕೆಲಸ ಬಾಕಿ ಇದೆ ಎಂದು ಅವನೇ ಎದ್ದ. ಇಂಥವನನ್ನು ಕಣ್ಣು ತಪ್ಪಿಸಬಾರದೆಂದು ನಾನೂ ಹಿಂದೆ ಹೋಗಿ ಬದುವಿನ ಮೇಲೆ ನಿಂತೆ. ಅವನ ತಾಯಿ ಈರಮ್ಮ ಸಸಿ ಕಟ್ಟುಗಳನ್ನು ಇಳಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಹೊಸ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತು ನಿಂತಿತು. ಪಕ್ಕದ ಗದ್ದೆಯವನು ಕರೆಯದೆಯೇ ತನ್ನ ಟ್ರ್ಯಾಕ್ಟರ್ ತಂದು ಮುಂದೆ ನಿಲ್ಲಿಸಿದ. ಅವನ ಸೀಟಿನ ಹಿಂದೆಯೇ ದಪ್ಪನೆಯ ಹಗ್ಗ ಸುತ್ತಿಟ್ಟಿತ್ತು. ಆದರೆ ಅದನ್ನು ಯಾರೂ ಮುಟ್ಟಲಿಲ್ಲ. ಅವನು ಬೀಡಿ ಹಚ್ಚಿಕೊಂಡು ಕುಳಿತ. ಈರಮ್ಮ ಸಸಿ ಬಿಟ್ಟು ಅಷ್ಟು ದೂರ ಮನೆಗೆ ನಡೆದು ಹೋಗಿ ತಮ್ಮ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ನನಗೆ ತಡೆಯಲಾಗಲಿಲ್ಲ. ಅವರ ಹಗ್ಗ ಇಲ್ಲೇ ಇತ್ತಲ್ಲಮ್ಮಾ ಎಂದೆ.

"ನಮ್ದು ಸಿಕ್ಕೊಂಡದ, ಹಗ್ಗನೂ ನಮ್ದ ಇರಬೇಕ್ರಿ" ಎಂದಳು. "ಅವ್ರು ಬಂದಿದ್ದ ದೊಡ್ಡದು. ಅವ್ರ ಹಗ್ಗನೂ ಹರಿದ್ರ, ನಾಳಿ ಅವ್ರ ಮನಿ ಮುಂದ ಹೆಂಗ ಹಾಯಲಿ?"

ಮಗ ಹೇಳಿದ್ದೇ ಮಾತು. ಇದನ್ನು ಓದುವವರಿಗೆ ಅಲ್ಲಿಗೆ ಎಲ್ಲ ತಿಳಿಯಿತು ಅನಿಸಬಹುದು. ನನಗೆ ತಿಳಿದದ್ದೇ ಬೇರೆ. ನಾನು ಬಂದ ದಿನವೇ, ನನ್ನ ಕಣ್ಣ ಮುಂದೆಯೇ, ಬೇಕಾದ ಜಾಗದಲ್ಲೇ ಟ್ರ್ಯಾಕ್ಟರ್ ಹೂತುಹೋಗುವುದೆಂದರೆ ಏನು? ವಕೀಲರು ಎಷ್ಟು ಚೆನ್ನಾಗಿ ನಾಟಕ ಕಲಿಸಿದ್ದಾರೆ ಎಂದುಕೊಂಡೆ. ಬೀಡಿ ಸೇದುತ್ತಿದ್ದವನ ಅಭಿನಯವಂತೂ ನನಗೆ ಬಹಳ ಹಿಡಿಸಿತ್ತು.

ಅವರಿಗೆ ಹೇಳದೆ ದೇವದುರ್ಗಕ್ಕೆ ಹೊರಟೆ. ಅಕ್ಕನ ಗಂಡ ಇದ್ದ, ಟ್ರ್ಯಾಕ್ಟರ್ ಅವನದೇ ಆಗಿತ್ತು. ಹೊಸದನ್ನು ಕೆಸರಿಗೆ ಇಳಿಸಿದ್ದಾರೇನು ಎಂದು ಅವನು ನನ್ನನ್ನೇ ಕೇಳಿ ಸಂಕಟಪಟ್ಟ. ಒಂದು ಅನುಮಾನ ಹೋಯಿತು. ಹಗ್ಗದ್ದು ಉಳಿಯಿತು. ವಾಪಸು ಬರುವಾಗ ಕಾಲುವೆ ಪಕ್ಕದ ಕಪ್ಪು ನೆಲ ಹಸಿಯಾಗಿದ್ದುದನ್ನು ಕಂಡು ಕಾರನ್ನು ಅದರೊಳಗೆ ಇಳಿಸು ಎಂದು ಖಾಜಾನಿಗೆ ಹೇಳಿದೆ. ಅವನು ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ನಕ್ಕ. ಆಮೇಲೆ ನಗು ನಿಲ್ಲಿಸಿ, ಬೇಕಂತಲೇ ಕೆಸರಿಗೆ ಇಳಿಯುವ ಸಾಹೇಬರನ್ನು ನಿಮ್ಮೊಬ್ಬರನ್ನೇ ಕಂಡೆ ಎಂದು ಗೊಣಗುತ್ತ ಇಳಿಸಿದ. ಚಕ್ರಗಳು ಅರ್ಧ ಮುಳುಗಿದವು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಅತ್ತ ಹೊರಟಿದ್ದ ಒಬ್ಬ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ಹುಲಿಗೆಪ್ಪ ಯಾರೆಂದೂ ಗೊತ್ತಿಲ್ಲ. ಕಾರನ್ನು ಒಂದು ಸುತ್ತು ನೋಡಿ ನನ್ನ ಕಡೆ ಕೈ ಚಾಚಿದ. "ಹಗ್ಗ ಕೊಡ್ರಿ."

ನಮ್ಮ ಹತ್ತಿರ ಇಲ್ಲ, ನಿಮ್ಮ ಟ್ರ್ಯಾಕ್ಟರಿನ ಮೇಲೆಯೇ ಇದೆಯಲ್ಲ ಎಂದು ಬೆರಳು ಮಾಡಿದೆ.

"ಅದು ನಾ ಸಿಕ್ಕೊಂಡಾಗ ಬೇಕ್ರಿ" ಎಂದ.

ಜಿಪುಣನಲ್ಲ. ತಾನೇ ನಡೆದು ಹೋಗಿ ಹತ್ತಿರದ ತೋಟದ ಮನೆಯಲ್ಲಿ, ಈ ಸಾಹೇಬರಿಗೆ ಬೇಕಂತೆ ಎಂದು ನನ್ನ ಲೆಕ್ಕಕ್ಕೆ ಹಗ್ಗ ಕೇಳಿ ತಂದ. ಹಾಗೆ ಅದು ನಮ್ಮ ಹಗ್ಗವಾಯಿತು. ಎಳೆದ ಮೇಲೆ ತಾನು ಏನೂ ತೆಗೆದುಕೊಳ್ಳಲಿಲ್ಲ. ಹಗ್ಗ ತೊಳೆದು ವಾಪಸು ಕೊಟ್ಟು ಹೋಗಿರಿ ಎಂದಷ್ಟೇ ಹೇಳಿ ಹೊರಟುಹೋದ. ಕಾಲುವೆಯ ನೀರಿನಲ್ಲಿ ಆ ಹಗ್ಗ ತೊಳೆಯುತ್ತ ನನಗೆ ನಾಚಿಕೆಯಾಯಿತು. ನಾನು ಈ ಸೀಮೆಯಲ್ಲೇ ಹುಟ್ಟಿದವನು. ರಾಯಚೂರಿನ ಪೇಟೆಯಲ್ಲಿ ಬೆಳೆದೆ, ಒಂದು ದಿನವೂ ಕೆಸರಿಗೆ ಇಳಿಯಲಿಲ್ಲ, ಅಲ್ಲಿಂದ ಸೀದಾ ಸಮುದ್ರಕ್ಕೆ ಹೋದೆ. ಹುಲಿಗೆಪ್ಪ ಕೆಸರನ್ನು ಜೊತೆಗೇ ತೆಗೆದುಕೊಂಡು ಹೋಗಿದ್ದ.

ಆ ಸಂಜೆ ಕಾಮತರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಆಕಳಿಸಿದರು. ಗದ್ದೆಯ ಪುರಾಣ ಯಾರಿಗೂ ಬೇಡ ಎಂದರು. ಹಗ್ಗ ಕೊಡಲು ಕ್ಯಾಪ್ಟನ್ ಹೇಳಿದ್ದ ಎಂದು ಅವನು ಒಂದು ಮಾತು ಹೇಳಲಿ, ಹಾಗೆಂದು ಹೇಳಲು ಹಡಗಿನ ಕ್ಯಾಪ್ಟನ್ ಈಗ ಒಪ್ಪಿಕೊಂಡಿದ್ದಾನೆ. ಆಗ ಅದು ತಿಳಿದು ಕೊಟ್ಟ ಹಗ್ಗ, ಬಾಡಿಗೆಯ ಕರಾರು ಇತ್ತೆಂಬುದಕ್ಕೆ ಸಾಕ್ಷಿ, ಹಡಗಿನ ಕಡೆಯ ನಾವು ಗೆಲ್ಲುತ್ತೇವೆ. ಅಪ್ಪಣೆ ಪಾಲಿಸಿದವನಿಗೆ ತಪ್ಪಿಲ್ಲ, ಅವನ ಪುಸ್ತಕವೂ ಬರುತ್ತದೆ. ಅವನೇ ಸ್ವಂತ ಬುದ್ಧಿಯಿಂದ ಕೊಟ್ಟೆ ಎಂದರೆ ಹಳೆಯ ಹಗ್ಗದ ಹೊಣೆ ಅವನ ತಲೆಗೇ. ಎರಡರಲ್ಲಿ ಯಾವುದು ಬೇಕೆಂದು ನೀನೇ ಕೇಳು, ಎಂದರು.

ಮರುದಿನ ಕಲ್ಲೂರಿಗೆ ಹೋಗಿ ಈ ಮಾತನ್ನು ಹಾಗೆಯೇ ಅವನ ಮುಂದೆ ಇಟ್ಟೆ. ನನಗಂತೂ ಅವನು ಒಪ್ಪಿಕೊಂಡರೆ ಸಾಕು ಅನಿಸಿತ್ತು. ಈರಮ್ಮ ಬಾಗಿಲಲ್ಲಿ ನಿಂತು ಮಗನ ಮುಖವನ್ನೇ ನೋಡುತ್ತಿದ್ದಳು. ಅವನು ತಾಯಿಯ ಕಡೆ ನೋಡಿ ಹೇಳಿದ.

"ಸಲೀಂಗ ಫೋನ್ ಮಾಡಿ ಹೇಳೀನ್ರಿ, ಹಗ್ಗ ನಾನ ಕೊಟ್ಟಿದ್ದು, ನನ್ನಿಂದ ನಿನ್ನ ಕಾಲು ಹೋತು ಅಂತ. ಅವ ಅತ್ತ. ನಾನೂ ಅತ್ತೆ. ದಿನಾ ಕೇಳ್ತೀನಿ, ನಡಿಯಾಕತ್ತೀಯೇನಪಾ ಅಂತ. ಈಗ ಕ್ಯಾಪ್ಟನ್ ಕೊಡಿಸಿದ ಅಂತ ಅವಗ ಹೆಂಗ ಹೇಳ್ಲಿ?"

ವಕೀಲರು ದೂರು ಕೊಟ್ಟಿದ್ದ ಫೋನುಗಳು ಇವೇ. ನಾನು ಹೊರಗೆ ಬಂದು ಸಲೀಮನಿಗೆ ನಾನೇ ಫೋನ್ ಮಾಡಿದೆ. ನೋಡಿ, ಆಗಲೂ ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಸಲೀಂ ತನ್ನ ಮಾತಿನಲ್ಲಿ, ತನ್ನದೇ ರೀತಿಯಲ್ಲಿ, ಅದನ್ನೇ ಹೇಳಿದ. ಬೇರೆ ಬೇರೆ ಮಾತಿನ ಒಂದೇ ಕಥೆ. ನಾನು ಕಂಡದ್ದನ್ನು ಕಂಡಂತೆ ಬರೆದು ಕಳಿಸಿದೆ. ಊರಿಗೆ ಹೋಗಿ ಊರಿನವನೇ ಆಗಿಬಿಟ್ಟೆಯಲ್ಲ ರಾಯಚೂರು, ಎಂದು ಕಾಮತರು ಅಂದರು. ಕೆಲವು ವಾರ ನನ್ನ ಜೊತೆ ಚಹಾ ಕುಡಿಯಲಿಲ್ಲ.

ವಿಚಾರಣೆ ಮುಂಬಯಿಯಲ್ಲಿ, ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ. ಹುಲಿಗೆಪ್ಪ ರಾಯಚೂರಿನ ವಕೀಲರೊಬ್ಬರ ಕೋಣೆಯಲ್ಲಿ ಕುಳಿತು ವಿಡಿಯೋದಲ್ಲಿ ಮಾತಾಡಿದ. ಪಕ್ಕದಲ್ಲಿ ಅನುವಾದ ಮಾಡುವವರಿದ್ದರು, ಎದುರಿನ ಬೆಂಚಿನಲ್ಲಿ ನಾನು. ಟಗ್‌ನವರ ವಕೀಲರು ಅವನನ್ನು ಸುತ್ತಿ ಸುತ್ತಿ ಕೊನೆಗೆ ಕೇಳಿದರು. ನಿಮ್ಮ ಹಗ್ಗವನ್ನೇ ಕೊಡಬೇಕೆಂದು ಯಾರೂ ನಿನಗೆ ಹೇಳಿಕೊಡಲಿಲ್ಲವೇ?

"ಹೇಳಿಕೊಟ್ಟಾರ್ರಿ" ಎಂದ ಹುಲಿಗೆಪ್ಪ.

ಕೊನೆಗೂ ಮೋಸ ಹೋದೆ ಎಂದುಕೊಂಡೆ. ಪರದೆಯ ಆ ಕಡೆ ವಕೀಲರು ಮುಂದಕ್ಕೆ ಬಾಗಿ, ಯಾರು ಎಂದರು.

"ನಮ್ಮವ್ವ."

ನ್ಯಾಯಾಧೀಶರು ಅದನ್ನು ವಿವರಿಸಲು ನನಗೆ ಹೇಳಿದರು. ನಾನು ಕಾರು ಕೆಸರಿಗೆ ಇಳಿಸಿದ್ದನ್ನು ಹೇಳಿದೆ. ಅವರು ನಗಲಿಲ್ಲ. ಆ ರೈತನ ಮಾತನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಈ ಹಗ್ಗ ಕರಾರಿಗೂ ಸಾಕ್ಷಿಯಲ್ಲ, ಮೋಸಕ್ಕೂ ಸಾಕ್ಷಿಯಲ್ಲ ಎಂದು ತೀರ್ಪಾಯಿತು. ಜಗಳ ಗಾಳಿ ಮತ್ತು ರೇಡಿಯೋದ ಮಾತಿನ ಮೇಲೆ ತೀರಿತು. ನಮ್ಮ ಕಡೆಯವರು ಅಂದುಕೊಂಡಷ್ಟು ಗೆಲ್ಲಲಿಲ್ಲ. ಸಲೀಮನ ಆಸ್ಪತ್ರೆಯ ಖರ್ಚು ಹಡಗಿನವರ ಮೇಲೆ ಬಿತ್ತು. ಕೇಳದೆ ಹಗ್ಗ ಕೊಟ್ಟದ್ದಕ್ಕೆ ಹುಲಿಗೆಪ್ಪನಿಗೆ ಒಂದು ಎಚ್ಚರಿಕೆ ಕೊಟ್ಟು ಪುಸ್ತಕ ವಾಪಸು ಮಾಡಿದರು. ಅದಾಗಿ ಸ್ವಲ್ಪ ದಿನಕ್ಕೆ ನಾನು ನಿವೃತ್ತನಾಗಿ ಊರಿಗೆ ಬಂದೆ.

ಈಚೆಗೆ ಮುಂಬಯಿಯಿಂದ ಒಂದು ಫೋನ್ ಬಂತು. ಹಡಗುಗಳಿಗೆ ನಾವಿಕರನ್ನು ಕಳಿಸುವ ಏಜೆಂಟ್. ಹುಲಿಗೆಪ್ಪ ಎಂಬವನು ಕೆಲಸಕ್ಕೆ ಬಂದಿದ್ದಾನೆ, ವಿಚಾರಿಸಲು ನಿಮ್ಮ ಹೆಸರು ಕೊಟ್ಟಿದ್ದಾನೆ ಎಂದ. ಆಮೇಲೆ ದನಿ ತಗ್ಗಿಸಿದ. ಈ ಮನುಷ್ಯ ಸಂಬಳ ಎಷ್ಟೆಂದು ಕೇಳಲಿಲ್ಲ, ರಜೆ ಯಾವಾಗೆಂದು ಕೇಳಲಿಲ್ಲ. ಹಡಗಿನ ಹಗ್ಗ ಹೊಸದೋ ಹಳೆಯದೋ, ಹತ್ತುವ ಮುಂಚೆ ತೋರಿಸುತ್ತೀರೇನು ಎಂದು ಕೇಳುತ್ತಾನೆ. ಯಾವ ನಾವಿಕನೂ ಹೀಗೆ ಕೇಳಿದ್ದು ನಾನು ಕಂಡಿಲ್ಲ, ಇದರಲ್ಲಿ ಏನಾದರೂ ಇದೆಯೇ, ಅನುಮಾನ ಪಡಬೇಕೇ, ನಿಮಗೆ ಗೊತ್ತಿರುತ್ತದೆ ಎಂದ.

ಇಂಥ ಪ್ರಶ್ನೆಗೆ ಜೀವನಪೂರ್ತಿ ನಾನು ಕೊಡುತ್ತಿದ್ದ ಉತ್ತರ ಒಂದೇ, ಪಡಬೇಕು ಎಂದು. ಅಂದು ಮಾತ್ರ ಬೇಡ ಎಂದೆ. ಹಗ್ಗ ತೋರಿಸಿ, ಹಳೆಯದಿದ್ದರೆ ಬದಲಾಯಿಸಿ, ಹಡಗು ನಿಂತ ದಿನ ಅವನು ಅದನ್ನು ಕೊಟ್ಟೇ ಕೊಡುತ್ತಾನೆ ಎಂದೆ.